ಕೂಡಿ ಮಾಡಿದ ಖರ್ಚು, ಮುನಿಸಿಲ್ಲದ ಲೆಕ್ಕ

ಬಾಡಿಗೆ ಕಟ್ಟುವ ದಿನ ಸಾಮಾನ್ಯವಾಗಿ ಯಾರೂ ಜಗಳ ಆಡುವುದಿಲ್ಲ. ಯಾರು ಎಷ್ಟು ಕೊಡಬೇಕು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಮುನಿಸು ಶುರುವಾಗುವುದು ಸೋಪಿನ ಪುಡಿಯಿಂದ, ಕೆಟ್ಟುಹೋದ ಬಲ್ಬಿನಿಂದ, "ಮೊನ್ನೆ ಟ್ಯಾಕ್ಸಿಗೂ ನಾನೇ ಕೊಟ್ಟೆ" ಅನ್ನುವ ಮಾತಿನಿಂದ. ದಾಕ್ಷಿಣ್ಯಕ್ಕೆ ಬಿದ್ದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳದೆ ಬಿಟ್ಟದ್ದು ಮನಸ್ಸಿನಲ್ಲೇ ಬಡ್ಡಿ ಸೇರಿಸಿಕೊಂಡು ಬೆಳೆಯುತ್ತದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಗಾದೆ ಸುಮ್ನೆ ಹುಟ್ಟಿದ್ದಲ್ಲ. ಹಾಗಾಗಿ ಹಂಚುವ ರೀತಿಯನ್ನು ದುಡ್ಡು ಖರ್ಚಾಗುವ ಮುಂಚೆಯೇ ಮಾತಾಡಿ ಮುಗಿಸಿಬಿಡಿ.

ಮೊದಲು ಖರ್ಚನ್ನು ವಿಂಗಡಿಸಿ

ಎಲ್ಲರದ್ದು, ಕೆಲವರದ್ದು, ಒಬ್ಬರದ್ದು ಅಂತ ಮೂರು ಗುಂಪು ಸಾಕು. ಇಂಟರ್ನೆಟ್ ಎಲ್ಲರದ್ದು. ಪಾರ್ಕಿಂಗ್ ಗಾಡಿ ಇರುವವರದ್ದು ಮಾತ್ರ. ಶಾಂಪೂ ಅವರವರದ್ದು. ಆಗಾಗ ಬಂದು ವಾರಗಟ್ಟಲೆ ಉಳಿಯುವ ಗೆಳೆಯರ ನೀರು, ಕರೆಂಟಿನ ಲೆಕ್ಕವನ್ನೂ ಇಲ್ಲೇ ತೀರ್ಮಾನಿಸಿ. ಆಮೇಲೆ ಎತ್ತಿದರೆ ಅದು ಲೆಕ್ಕದ ಮಾತಾಗಿ ಉಳಿಯುವುದಿಲ್ಲ, ಆ ಗೆಳೆಯರ ಮೇಲಿನ ದೂರಾಗುತ್ತದೆ.

ಒಂದೇ ನಿಯಮ ಎಲ್ಲಕ್ಕೂ ಬೇಡ

ತಲಾ ಸಮಪಾಲು ಸುಲಭ, ನಿಜ. ಆದರೆ ಎಲ್ಲ ಕಡೆಯೂ ಅದು ನ್ಯಾಯ ಅಲ್ಲ. ಹೋಟೆಲ್ ಬಿಲ್ಲನ್ನೇ ನೋಡಿ. ಬಿಲ್ ಸಮನಾಗಿ ಹಂಚಿಹೋಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಜನ ಜಾಸ್ತಿ ಆರ್ಡರ್ ಮಾಡುತ್ತಾರೆ ಎಂದು ಅರ್ಥಶಾಸ್ತ್ರಜ್ಞ ಊರಿ ಗ್ನೀಜಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಡುಕೊಂಡರು. ಕಡಿಮೆ ತಿನ್ನುವವರಿಗೆ ಇದು ಮೊದಲಿಂದಲೂ ಗೊತ್ತಿತ್ತು ಬಿಡಿ.

ಕೋಣೆಗಳು ದೊಡ್ಡದು, ಚಿಕ್ಕದು ಇದ್ದಾಗ ಬಾಡಿಗೆ ಹೇಗೆ? ಇಬ್ಬರಿದ್ದರೆ ಒಬ್ಬರು ಬಾಡಿಗೆಯನ್ನು ಎರಡು ಕೋಣೆಗೆ ಹಂಚಲಿ, ಇನ್ನೊಬ್ಬರು ಕೋಣೆ ಆರಿಸಲಿ. ಹಂಚುವವರು ತಾವಾಗಿಯೇ ಹುಷಾರಾಗಿರುತ್ತಾರೆ. ಇದಕ್ಕಿಂತ ನನಗೆ ಇಷ್ಟವಾದದ್ದು ಚೀಟಿ ಬರೆಯುವ ದಾರಿ. ಬಾಡಿಗೆ 20,000 ಅಂದುಕೊಳ್ಳಿ. ಪ್ರತಿಯೊಬ್ಬರೂ ಯಾವ ಕೋಣೆಗೆ ಎಷ್ಟು ಕೊಡಬಹುದು ಅಂತ ಗುಟ್ಟಾಗಿ ಬರೆಯಬೇಕು, ಮೊತ್ತ 20,000 ಆಗಬೇಕು. ಒಬ್ಬರು ದೊಡ್ಡದಕ್ಕೆ 13,000, ಚಿಕ್ಕದಕ್ಕೆ 7,000 ಬರೆದರು. ಇನ್ನೊಬ್ಬರು 11,000 ಮತ್ತು 9,000 ಬರೆದರು. ದೊಡ್ಡ ಕೋಣೆ ಮೊದಲನೆಯವರಿಗೆ, ಚಿಕ್ಕದು ಎರಡನೆಯವರಿಗೆ. ಈಗ 13,000 ಮತ್ತು 9,000 ಸೇರಿ 22,000 ಆಯಿತು. ಜಾಸ್ತಿ ಬಂದ 2,000ವನ್ನು ಇಬ್ಬರಿಗೂ ಸಮನಾಗಿ ವಜಾ ಮಾಡಿ: 12,000 ಮತ್ತು 8,000. ಇಬ್ಬರಿಗೂ ತಾವು ಬರೆದದ್ದಕ್ಕಿಂತ 1,000 ಕಡಿಮೆ!

ಮೂವರಿದ್ದರೂ ಇದೇ ದಾರಿ ಹಿಡಿಯಬಹುದು. ಕೊನೆಗೆ ಯಾರಿಗಾದರೂ ಪಕ್ಕದ ಕೋಣೆಯ ಮೇಲೆ ಕಣ್ಣು ಹೋದರೆ ಅಂಕಿಗಳನ್ನು ಸ್ವಲ್ಪ ಸರಿಸಬೇಕಾಗುತ್ತದೆ. ಕೆಲವು ಸಾಧಾರಣ ಷರತ್ತುಗಳಿದ್ದರೆ, ಯಾರಿಗೂ ಹೊಟ್ಟೆಕಿಚ್ಚಾಗದ ಒಂದು ಹಂಚಿಕೆ ಇದ್ದೇ ಇರುತ್ತದೆ ಎಂದು ಗಣಿತಜ್ಞ ಫ್ರಾನ್ಸಿಸ್ ಸು 1999ರಲ್ಲಿ ತೋರಿಸಿಕೊಟ್ಟಿದ್ದಾರೆ.

ಟ್ಯಾಕ್ಸಿ ಹಂಚಿಕೊಂಡಾಗ ದಾರಿಯನ್ನು ತುಂಡು ಮಾಡಿ. ಮೂವರಲ್ಲಿ ಒಬ್ಬರು ಮೀಟರ್ 300 ಆದಾಗ ಇಳಿದರು, ಇನ್ನೊಬ್ಬರು 600ಕ್ಕೆ, ಕೊನೆಯವರು 1,200ಕ್ಕೆ. ಮೊದಲ 300 ಮೂವರದ್ದು. ಮುಂದಿನ 300 ಉಳಿದ ಇಬ್ಬರದ್ದು. ಕೊನೆಯ 600 ಒಬ್ಬರದ್ದೇ. ಅಂದರೆ 100, 250, 850. ಕೂಡಿ ಮಾಡಿದ್ದನ್ನು ನ್ಯಾಯವಾಗಿ ಹಂಚಲು ಅಂತ, ಅರ್ಥಶಾಸ್ತ್ರದ ನೊಬೆಲ್ ಪಡೆದ ಗಣಿತಜ್ಞ ಲಾಯ್ಡ್ ಶಾಪ್ಲಿ 1953ರಲ್ಲಿ ಕೊಟ್ಟ ಸೂತ್ರ ಹಾಕಿದರೂ ಇದೇ ಉತ್ತರ ಬರುತ್ತದೆ.

ಜೋಡಿಗಳಿಗೆ ಬೇರೆ ಲೆಕ್ಕ

ಸಂಪಾದನೆ ಒಬ್ಬರದು 60,000, ಇನ್ನೊಬ್ಬರದು 40,000. ಮನೆ ಖರ್ಚು 30,000. ಅರ್ಧರ್ಧ ಹಾಕಿದರೆ ಮೊದಲನೆಯವರ ಸಂಬಳದಲ್ಲಿ ಶೇ 25 ಹೋಗುತ್ತದೆ, ಎರಡನೆಯವರದ್ದು ಶೇ 37.5. ಸಂಬಳದ ಅಳತೆಗೆ ಹಂಚಿದರೆ 18,000 ಮತ್ತು 12,000. ಆಗ ಇಬ್ಬರದೂ ಶೇ 30. ಮೂರನೆಯ ದಾರಿಯೂ ಉಂಟು: ಖರ್ಚು ಕಳೆದು ಇಬ್ಬರ ಕೈಯಲ್ಲೂ 35,000 ಉಳಿಯುವಂತೆ ಒಬ್ಬರು 25,000, ಇನ್ನೊಬ್ಬರು 5,000 ಹಾಕುವುದು. ಬದುಕು ಪೂರ್ತಿ ಕೂಡಿಕೊಂಡವರಿಗೆ ಇದು ಸರಿ. ಈಗಷ್ಟೇ ಒಂದೇ ಮನೆಗೆ ಬಂದವರಿಗೆ ನಡುವಿನ ದಾರಿಯೇ ವಾಸಿ ಅಂತ ನನ್ನ ಅನಿಸಿಕೆ. ಸಂಬಳ ಬದಲಾದಾಗ ಅಂಕಿಯೂ ಬದಲಾಗಬೇಕು, ಮರೆಯಬೇಡಿ.

ಅಡುಗೆ, ಬಟ್ಟೆ, ಮಕ್ಕಳನ್ನು ನೋಡಿಕೊಳ್ಳುವುದು? ಇದಕ್ಕೆ ಬೆಲೆ ಕಟ್ಟಲು ಹೋಗುವುದು ಕಷ್ಟ. ಆದರೆ ಒಬ್ಬರು ಮನೆಗೋಸ್ಕರ ಕೆಲಸದ ಗಂಟೆ ಕಡಿಮೆ ಮಾಡಿಕೊಂಡಿದ್ದರೆ, ಅವರ ಸಂಬಳ ಕಡಿಮೆ ಇರುವುದೇ ಆ ಕಾರಣಕ್ಕೆ. ಅಲ್ಲಿ ಅರ್ಧರ್ಧ ಕೇಳುವುದು ಯಾವ ಲೆಕ್ಕ?

ಕೊಟ್ಟ ಕೂಡಲೇ ಬರೆಯಿರಿ

ನೆನಪನ್ನು ನಂಬಬೇಡಿ. ಮನಶ್ಶಾಸ್ತ್ರಜ್ಞರಾದ ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ 1979ರ ಅಧ್ಯಯನದಲ್ಲಿ ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ "ಮನೆಕೆಲಸದಲ್ಲಿ ನಿಮ್ಮ ಪಾಲೆಷ್ಟು" ಅಂತ ಕೇಳಿದರು. ಬಹಳಷ್ಟು ಜೋಡಿಗಳಲ್ಲಿ ಎರಡೂ ಉತ್ತರ ಕೂಡಿದರೆ ಶೇ 100 ದಾಟುತ್ತಿತ್ತು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ತಾನು ಮಾಡಿದ್ದು ಚೆನ್ನಾಗಿ ನೆನಪಿರುತ್ತದೆ, ಅಷ್ಟೇ. ದುಡ್ಡಿನಲ್ಲೂ ಇದೇ ಕಥೆ. ತಾರೀಕು, ಯಾತಕ್ಕೆ, ಎಷ್ಟು, ಯಾರು ಕೊಟ್ಟರು, ಯಾರ್ಯಾರಿಗಾಗಿ: ಈ ಐದು ವಿವರ ಸಾಕು. ಸ್ಪ್ಲಿಟ್‌ವೈಸ್ ಥರದ ಆ್ಯಪ್ ಆಗಲಿ, ಅಡುಗೆಮನೆಯಲ್ಲಿ ತೂಗುಹಾಕಿದ ನೋಟ್‌ಬುಕ್ ಆಗಲಿ.

ಚುಕ್ತಾ ಮಾಡುವಾಗ

ಇಲ್ಲೇ ಜಾಸ್ತಿ ಗೊಂದಲ. ಪ್ರತಿ ಬಿಲ್ಲಿಗೂ ಪ್ರತಿಯೊಬ್ಬರೂ ದುಡ್ಡು ಕಳಿಸುತ್ತಾ ಕೂರಬೇಡಿ. ಅ, ಬ, ಕ, ಡ ಅಂತ ನಾಲ್ವರು ಪ್ರವಾಸ ಹೋದರು. ಒಟ್ಟು ಖರ್ಚು 12,000, ತಲಾ 3,000. ಅ 7,000 ಕೊಟ್ಟಿದ್ದರು, ಬ 4,000, ಕ 1,000, ಡ ಏನೂ ಕೊಟ್ಟಿರಲಿಲ್ಲ. ಕೊಟ್ಟದ್ದರಲ್ಲಿ 3,000 ಕಳೆಯಿರಿ. ಅ ಅವರಿಗೆ 4,000 ಬರಬೇಕು, ಬ ಅವರಿಗೆ 1,000. ಕ 2,000 ಕೊಡಬೇಕು, ಡ 3,000. ಬರಬೇಕಾದದ್ದೂ ಕೊಡಬೇಕಾದದ್ದೂ ಒಂದೇ ಮೊತ್ತ ಆಗಬೇಕು, ಇಲ್ಲಿ 5,000. ಆಗದಿದ್ದರೆ ಎಲ್ಲೋ ಒಂದು ಬಿಲ್ ತಪ್ಪಿದೆ.

ಆಮೇಲೆ ಅತಿ ಹೆಚ್ಚು ಕೊಡಬೇಕಾದವರು ಅತಿ ಹೆಚ್ಚು ಬರಬೇಕಾದವರಿಗೆ ಕೊಡಲಿ. ಡ ಅವರಿಂದ ಅ ಅವರಿಗೆ 3,000. ಕ ಅವರಿಂದ ಅ ಅವರಿಗೆ 1,000, ಬ ಅವರಿಗೆ 1,000. ಮೂರೇ ಪಾವತಿಗೆ ಎಲ್ಲ ತೀರಿತು. ಎಷ್ಟೇ ಬಿಲ್ ಇರಲಿ, ಎಷ್ಟು ಜನ ಇದ್ದಾರೋ ಅದಕ್ಕಿಂತ ಒಂದು ಕಡಿಮೆ ಪಾವತಿಯಲ್ಲಿ ಯಾವಾಗಲೂ ಮುಗಿಸಬಹುದು.

ಚುಕ್ತಾ ಮಾಡಲು ತಿಂಗಳಿಗೊಂದು ದಿನ ಗೊತ್ತುಮಾಡಿ. ಆಗ ಯಾರೂ ಯಾರನ್ನೂ ಕೇಳಬೇಕಾಗಿಲ್ಲ, ತಾರೀಕೇ ಕೇಳುತ್ತದೆ.

ಒಬ್ಬರು ಮನೆ ಬಿಡುವಾಗ

ಕೂಡಿ ಕೊಂಡ ಸಾಮಾನು ಆಗ ತಲೆನೋವು. ಅದಕ್ಕೇ ಒಂದು ವಸ್ತುವಿಗೆ ಒಬ್ಬರೇ ಒಡೆಯರಾಗಿರಲಿ. ವಾಷಿಂಗ್ ಮೆಷಿನ್ ಒಬ್ಬರದು, ಫ್ರಿಜ್ ಇನ್ನೊಬ್ಬರದು, ಹೋಗುವಾಗ ಅವರವರದು ಅವರೇ ಒಯ್ಯಲಿ. ಠೇವಣಿಯ ವಿಷಯದಲ್ಲಿ ಹೊಸಬರು ಹಳಬರ ಕೈಗೆ ದುಡ್ಡು ಕೊಡುವ ಮುಂಚೆ ಮನೆ ಮಾಲೀಕರಿಗೆ ತಿಳಿಸಿ, ಗೋಡೆ ನೆಲದ ಫೋಟೊ ತೆಗೆದಿಟ್ಟುಕೊಳ್ಳಿ. ಕರೆಂಟ್ ಮೀಟರಿನ ಅಂಕಿಯನ್ನೂ ಅದೇ ದಿನ ಬರೆದುಕೊಳ್ಳಿ. ಬಿಲ್ ಬರುವ ಹೊತ್ತಿಗೆ ಹಳಬರು ಬೇರೆ ಊರಲ್ಲಿರುತ್ತಾರೆ.