ಕಾರಿನ ಸ್ಟೀರಿಯೋ ಬದಲಿಸ್ತೀರಾ? ವೈರ್ ಕತ್ತರಿಸಬೇಡಿ

ಕಂಪನಿ ಸ್ಟೀರಿಯೋ ತೆಗೆದು ಹೊಸದನ್ನು ಮನೆಯಲ್ಲೇ ಹಾಕೋರು ಕಾರಿನ ವೈರ್‌ಗೆ ಕತ್ತರಿ ಹಾಕಬೇಡಿ. ನಿಮ್ಮ ಮಾಡೆಲ್‌ಗೆ ಹೊಂದುವ ಕಪ್ಲರ್ (ಕಾರಿನ ವೈರ್‌ಗೂ ಹೊಸ ಸೆಟ್‌ಗೂ ನಡುವೆ ಸಿಕ್ಕಿಸುವ ಪ್ಲಗ್) ಅಂಗಡಿಯಲ್ಲಿ ಕೇಳಿ. ನಾಳೆ ಕಾರು ಮಾರುವಾಗ ಹಳೆಯ ಸೆಟ್ ವಾಪಸ್ ಸಿಕ್ಕಿಸಬಹುದು, ಅಲ್ವಾ?

ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಬಹುತೇಕ ಕಾರುಗಳಿಗೆ 10 ಎಂಎಂ ಸ್ಪ್ಯಾನರ್ ಸಾಕು. ಪ್ಯಾನೆಲ್ ಎಬ್ಬಿಸಲು ಸ್ಕ್ರೂಡ್ರೈವರ್ ಬೇಡ, ಗೀರು ಬೀಳುತ್ತದೆ. ಹಳೇ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿಕೊಳ್ಳಿ.

ಸಾಮಾನ್ಯವಾಗಿ ಹೊಸ ಸೆಟ್‌ನ ಹಳದಿ ವೈರ್‌ಗೆ ಸದಾ 12 ವೋಲ್ಟ್ ಬೇಕು. ಸೆಟ್ಟಿಂಗ್ಸ್ ಉಳಿಯೋದು ಅದರಿಂದಲೇ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್. ನಾನು ಇವೆರಡನ್ನೂ ಅದಲುಬದಲು ಮಾಡಿ, ದಿನಾ ಬೆಳಗ್ಗೆ ಗಡಿಯಾರ ಸರಿಮಾಡುತ್ತಾ ಒಂದು ವಾರ ಸುಮ್ನೆ ಸೆಟ್ಟನ್ನೇ ಬೈದಿದ್ದೆ! ಕಪ್ಪು ವೈರ್ ಅರ್ತ್. ಆದರೆ ಸ್ಪೀಕರ್‌ನ ಮೈನಸ್ ವೈರನ್ನು ಕಾರಿನ ಲೋಹದ ಮೈಗೆ ತಾಗಿಸಬೇಡಿ, ಸೆಟ್‌ನೊಳಗಿನ ಆಂಪ್ಲಿಫೈಯರ್ ಸುಟ್ಟುಹೋಗಬಹುದು.

ಇನ್ನು ಡಬ್ಬದ ಮೇಲಿನ ‘50 ವ್ಯಾಟ್ × 4’ ನೋಡಿ ಜಾಸ್ತಿ ಖುಷಿಪಡಬೇಡಿ. ಅದು ಪೀಕ್ ಲೆಕ್ಕ, ಅಂದರೆ ಕ್ಷಣಮಾತ್ರದ ಗರಿಷ್ಠ; ನಿಜವಾಗಿ ಸಿಗೋದು ಒಂದೊಂದು ಸ್ಪೀಕರ್‌ಗೆ ಸುಮಾರು 20 ವ್ಯಾಟ್.

ಪ್ಯಾನೆಲ್ ಮುಚ್ಚುವ ಮೊದಲೇ ನಾಲ್ಕೂ ಸ್ಪೀಕರ್, ರಿವರ್ಸ್ ಕ್ಯಾಮೆರಾ ಪರೀಕ್ಷಿಸಿ.