ಟಿಕೆಟ್ ಯಾವ ಬಣಕ್ಕೆ ಸಿಕ್ಕಿತು? ಪತ್ತೆ ಮಾಡುವುದು ಹೀಗೆ

ಅಭ್ಯರ್ಥಿಗಳ ಪಟ್ಟಿ ಬಂದ ದಿನ ನಾವು ಹೆಸರು, ಜಾತಿ, ಊರು ನೋಡಿ ಪೇಪರ್ ಮಡಚಿಡುತ್ತೇವೆ. ಹೆಸರಿನ ಹಿಂದಿರುವ ಬಣ ಯಾವುದು ಅಂತ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಅಭ್ಯಾಸಕ್ಕೆ ನಮ್ಮ ಬೆಂಗಳೂರಿನಲ್ಲೇ ನಡೆದ ಜಗಳವೊಂದನ್ನು ತೆಗೆದುಕೊಳ್ಳೋಣ. 1969ರ ಜುಲೈ, ಲಾಲ್‌ಬಾಗಿನ ಗಾಜಿನ ಮನೆ, ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಅಧಿವೇಶನ. ರಾಷ್ಟ್ರಪತಿ ಜಾಕಿರ್ ಹುಸೇನ್ ಮೇ 3ರಂದು ತೀರಿಕೊಂಡಿದ್ದರು. ಆ ಜಾಗಕ್ಕೆ ಕಾಂಗ್ರೆಸ್ ಅಭ್ಯರ್ಥಿ ಬೇಕಿತ್ತು.

1. ಮೊದಲು ಜಗಳ ಯಾವುದಕ್ಕೆ ಅಂತ ನೋಡಿ. ಅಲ್ಲಿ ಜಗಳ ಬ್ಯಾಂಕುಗಳದ್ದು. ಚಂದ್ರಶೇಖರ್, ಮೋಹನ್ ಧಾರಿಯಾ ಅವರಂಥ ‘ಯಂಗ್ ಟರ್ಕ್’ಗಳಿಗೆ, ಅಂದರೆ ಪಕ್ಷದೊಳಗಿನ ಸಮಾಜವಾದಿ ಒಲವಿನ ಕಿರಿಯ ನಾಯಕರಿಗೆ, ರಾಷ್ಟ್ರೀಕರಣ ಬೇಕು. ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿಗೆ ಸುತರಾಂ ಬೇಡ.

2. ಪೆನ್ನು ಯಾರ ಕೈಲಿದೆ? ಅಧಿವೇಶನದಲ್ಲಿ ಸಾವಿರ ಜನ ಚಪ್ಪಾಳೆ ತಟ್ಟಬಹುದು, ಹೆಸರು ಬರೆಯುವುದು ಮಾತ್ರ ಪಾರ್ಲಿಮೆಂಟರಿ ಬೋರ್ಡು. ಅಲ್ಲಿ ಕಾಮರಾಜ್, ಎಸ್.ಕೆ. ಪಾಟೀಲ್ ಅವರ ‘ಸಿಂಡಿಕೇಟ್’, ಅಂದರೆ ಹಿರಿಯ ನಾಯಕರ ಕೂಟ, ಗಟ್ಟಿಯಾಗಿತ್ತು. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಇಂದಿರಾ ಗಾಂಧಿ ಜಗಜೀವನ್ ರಾಮ್ ಹೆಸರು ಹೇಳಿದರು, ಸಿಂಡಿಕೇಟ್ ಸಂಜೀವ ರೆಡ್ಡಿ ಅಂದಿತು. ಜುಲೈ 12ರಂದು ಮತಕ್ಕೆ ಹಾಕಿದಾಗ ರೆಡ್ಡಿ ಪರ 4, ವಿರುದ್ಧ 2.

3. ಈಗ ನಡುವೆ ನಿಂತವರನ್ನು ಹುಡುಕಿ. ಮಜಾ ಇರುವುದೇ ಇಲ್ಲಿ. ವೈ.ಬಿ. ಚವಾಣ್ ಆರ್ಥಿಕ ನೀತಿಯಲ್ಲಿ ಇಂದಿರಾ ಕಡೆಗೇ ವಾಲಿದ್ದರು. ಅಭ್ಯರ್ಥಿಯ ಮಾತು ಬಂದಾಗ ಕೈ ಎತ್ತಿದ್ದು ರೆಡ್ಡಿಗೆ! ವಿಚಾರ ಒಂದು ಕಡೆ, ಲೆಕ್ಕಾಚಾರ ಇನ್ನೊಂದು ಕಡೆ. ಬಣಗಳಿಗೆ ಎಡ, ಬಲ ಅಂತ ಸುಮ್ನೆ ಚೀಟಿ ಅಂಟಿಸಿ ಕೂತರೆ ಇಂಥವರು ನಮ್ಮ ಲೆಕ್ಕಕ್ಕೇ ಸಿಗುವುದಿಲ್ಲ. ಪಟ್ಟಿ ಅಂತಿಮವಾಗುವುದು ಜಾಸ್ತಿ ಇವರಿಂದಲೇ ಅನ್ನುವುದು ನನ್ನ ಅನುಭವ.

4. ಸೋತ ಬಣದ ಮುಂದಿನ ಒಂದು ವಾರದ ಮೇಲೆ ಕಣ್ಣಿಡಿ. ಇಂದಿರಾ ರೆಡ್ಡಿಯವರ ನಾಮಪತ್ರಕ್ಕೆ ತಾವೇ ಸಹಿ ಹಾಕಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡವರು ಮೋಸ ಹೋದರು. ಜುಲೈ 16ಕ್ಕೆ ಮೊರಾರ್ಜಿ ಕೈಯಿಂದ ಹಣಕಾಸು ಖಾತೆ ಹೋಯಿತು, 19ಕ್ಕೆ 14 ಬ್ಯಾಂಕುಗಳು ಸರ್ಕಾರದ್ದಾದವು. ಉಪರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ನಿಜಲಿಂಗಪ್ಪನವರು ಜನಸಂಘ, ಸ್ವತಂತ್ರ ಪಕ್ಷದವರ ಹತ್ತಿರ ಎರಡನೇ ಪ್ರಾಶಸ್ತ್ಯದ ಮತ (ಮೊದಲ ಆಯ್ಕೆಯವರು ಸೋತರೆ ಲೆಕ್ಕಕ್ಕೆ ಬರುವ ಮತ) ಕೇಳಲು ಹೋದದ್ದೇ ಇಂದಿರಾ ಬಣಕ್ಕೆ ಅಸ್ತ್ರವಾಯಿತು. ‘ಆತ್ಮಸಾಕ್ಷಿಯಂತೆ ಮತ ಹಾಕಿ’ ಎಂಬ ಕರೆ ಅಲ್ಲಿಂದ ಹೊರಟಿತು, ಅಂದರೆ ರೆಡ್ಡಿಯನ್ನು ಬಿಟ್ಟು ಗಿರಿಗೂ ಹಾಕಬಹುದು ಅಂತ.

5. ಕೊನೆಗೆ ಎಣಿಕೆ. ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಬೇಕಾದಷ್ಟು ಮತ ಬರಲಿಲ್ಲ. ಎರಡನೆಯದನ್ನೂ ಕೂಡಿಸಿದಾಗ ಗಿರಿ 4,20,077, ರೆಡ್ಡಿ 4,05,427. ಟಿಕೆಟ್ ಸಿಂಡಿಕೇಟಿನದು, ಗೆಲುವು ಇಂದಿರಾ ಬಣದ್ದು. ನವೆಂಬರ್ 12ಕ್ಕೆ ಸಿಂಡಿಕೇಟಿನವರು ಪ್ರಧಾನಿ ಇಂದಿರಾರನ್ನೇ ಪಕ್ಷದಿಂದ ಹೊರಹಾಕಿದರು, ಕಾಂಗ್ರೆಸ್ ಎರಡಾಯಿತು.

ಅಂದಹಾಗೆ, ರೆಡ್ಡಿಯವರು ರಾಷ್ಟ್ರಪತಿ ಆಗದೇ ಉಳಿಯಲಿಲ್ಲ. 1977ರಲ್ಲಿ ಅವಿರೋಧವಾಗಿ ಆಯ್ಕೆಯಾದರು. ಆಗ ಅವರಿದ್ದದ್ದು ಜನತಾ ಪಕ್ಷದಲ್ಲಿ, ಪ್ರಧಾನಿ ಮೊರಾರ್ಜಿ.