ಬೇಸ್‌ಮೆಂಟಿಗೆ ನೀರು ಬಂದರೆ: ಒರೆಸುವ ಮೊದಲು ಫೋಟೊ, ರಿಪೇರಿಗೆ ಮೊದಲು ಪತ್ರ

ಚಿಕಾಗೋ ಸುತ್ತಮುತ್ತ ಹಳೇ ಮನೆ ಕೊಂಡ ನಮ್ಮವರಿಗೆ ಬೇಸ್‌ಮೆಂಟ್ ಅಂದರೆ ಕಾರು ನಿಲ್ಲಿಸುವ ಜಾಗ ಅಲ್ಲ. ಮಕ್ಕಳು ಆಡುವುದು ಅಲ್ಲಿ, ಊರಿಂದ ಅಪ್ಪ ಅಮ್ಮ ಬಂದರೆ ಎಷ್ಟೋ ಮನೆಗಳಲ್ಲಿ ಮಲಗುವುದೂ ಅಲ್ಲೇ. ಕೊಳ್ಳುವ ಮೊದಲು ಮಾಡಿಸಿದ ಮನೆ ತಪಾಸಣೆಯ, ಅಂದರೆ ಇನ್‌ಸ್ಪೆಕ್ಷನ್ ವರದಿಯಲ್ಲಿ ಎಲ್ಲ ಸರಿ ಅಂತ ಇರುತ್ತದೆ, ಮಾರಿದವರೂ ಬಾಯಿಬಿಟ್ಟಿರುವುದಿಲ್ಲ, ಮೊದಲ ಜೋರು ಮಳೆಗೆ ನೋಡಿದರೆ ಕಾರ್ಪೆಟ್ ಪೂರ್ತಿ ಒದ್ದೆ. ಗಾಬರಿಯಲ್ಲಿ ಎಲ್ಲ ಕಿತ್ತು ಎಸೆದರೆ ಸಾಕ್ಷಿಯೂ ಕಸದ ಜೊತೆ ಹೋಗುತ್ತದೆ. ದಯವಿಟ್ಟು ಈ ಕ್ರಮದಲ್ಲೇ ಮಾಡಿ.

1. ಕರೆಂಟ್, ಆಮೇಲೆ ಕ್ಯಾಮೆರಾ

ನೀರು ಪ್ಲಗ್ ಪಾಯಿಂಟ್ ಮುಟ್ಟಿದ್ದರೆ ಕೆಳಗೆ ಕಾಲಿಡಬೇಡಿ, ಎಲೆಕ್ಟ್ರೀಷಿಯನ್ ಕರೆಯಿರಿ. ಅಪಾಯ ಇಲ್ಲ ಅಂತ ಖಾತ್ರಿಯಾದ ಮೇಲೆ ವಿಡಿಯೊ ಮಾಡಿ. ನೀರು ಬರುತ್ತಿರುವುದು ಗೋಡೆ ಮತ್ತು ನೆಲ ಸೇರುವ ಮೂಲೆಯಿಂದಲೋ, ಬಿರುಕಿನಿಂದಲೋ, ಕಿಟಕಿಯಿಂದಲೋ, ನೆಲದ ಡ್ರೇನಿನಿಂದಲೋ ಅನ್ನುವುದು ಕಾಣಬೇಕು. ದಿನ, ಹೊತ್ತು ಬರೆದಿಡಿ.

ಆಮೇಲೆ ತಡ ಬೇಡ. 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ, ಉಬ್ಬಸ ಇರುವ ವಯಸ್ಸಾದವರಿಗೆ ಅದು ತುಂಬಾ ಕೆಟ್ಟದ್ದು. ಕಾರ್ಪೆಟ್ ಎತ್ತುವಾಗ ಅಂಚಿನಲ್ಲಿ ಅದನ್ನು ಹಿಡಿದಿಡುವ ಮೊಳೆಪಟ್ಟಿ ನೋಡಿ. ಮೊಳೆಗಳು ತುಕ್ಕು ತಿಂದು ಹೋಗಿದ್ದರೆ ನೀರು ಬಂದಿರುವುದು ಇದೇ ಮೊದಲಲ್ಲ. ಗೋಡೆಯ ಹಲಗೆ ಬಿಚ್ಚಿದರೆ ಅದರ ಬೆನ್ನಿನ ಫೋಟೊ ತೆಗೆಯಿರಿ: ಸಾಲು ಸಾಲು ಹಳೇ ಕಲೆ, ಕಾಂಕ್ರೀಟಿನ ಮೇಲೆ ಬಿಳಿ ಉಪ್ಪಿನ ಪುಡಿ, ಮೊದಲೇ ತುಂಬಿ ಮುಚ್ಚಿದ ಬಿರುಕು, ಇವೆಲ್ಲ ಮುಂದೆ ಬೇಕಾಗುತ್ತವೆ. ಒಂದು ತುಂಡು ಕತ್ತರಿಸಿ ಚೀಲದಲ್ಲಿ ಎತ್ತಿಡಿ.

2. ಕೊಡೆ ಹಿಡಿದು ಹೊರಗೆ ಹೋಗಿ

ಜಾಸ್ತಿ ಸಲ ತಪ್ಪು ಇರುವುದು ಹೊರಗೆ. 1,000 ಚದರ ಅಡಿ ಛಾವಣಿ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,350 ಲೀಟರ್ ನೀರು. ಸೂರಿನ ಗಟರಿನಲ್ಲಿ ಎಲೆ ಕಟ್ಟಿಕೊಂಡಿದ್ದರೆ, ಅಥವಾ ಇಳಿ ಪೈಪು ಗೋಡೆ ಬುಡದಲ್ಲೇ ನಿಂತಿದ್ದರೆ ಅಷ್ಟೂ ನೀರು ಅಡಿಪಾಯದ ಪಕ್ಕ ಇಂಗುತ್ತದೆ. ಪೈಪನ್ನು ಆರೇಳು ಅಡಿ ಆಚೆಗೆ ಎಳೆಯಿರಿ. ಮಣ್ಣು ಗೋಡೆಯಿಂದ ಆಚೆಗೆ 10 ಅಡಿಯಲ್ಲಿ 6 ಇಂಚಾದರೂ ಇಳಿಜಾರು ಇರಬೇಕು.

ನೆಲದಡಿಯ ನೀರು ಸೇರುವ ಸಂಪ್ ಗುಂಡಿ ಇದ್ದರೆ ಒಂದು ಬಕೆಟ್ ನೀರು ಸುರಿದು ಪಂಪು ತಾನಾಗಿ ಓಡುತ್ತದಾ ನೋಡಿ. ಬಿರುಗಾಳಿಯಲ್ಲಿ ಕರೆಂಟ್ ಹೋಗುವುದೂ ಆಗಲೇ ಅಲ್ವಾ, ಹಾಗಾಗಿ ಬ್ಯಾಟರಿ ಪಂಪು ಇನ್ನೊಂದು ಇರಲಿ. ಗೋಡೆ ಬರೀ ಒದ್ದೆ ಒದ್ದೆ ಇದ್ದರೆ ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ ಒಂದು ದಿನ ಬಿಡಿ. ಹನಿ ಕೋಣೆಯ ಕಡೆ ಕಂಡರೆ ಗಾಳಿಯ ತೇವ, ಹಿಂಬದಿ ಕಂಡರೆ ಗೋಡೆಯಿಂದ ಬರುವ ನೀರು.

3. ಇನ್‌ಸ್ಪೆಕ್ಟರಿಗೆ ಬರೆಯಿರಿ

ಒಂದು ವಿಷಯ ನೇರವಾಗಿ ಹೇಳಬೇಕು. ಮನೆ ಇನ್‌ಸ್ಪೆಕ್ಷನ್ ಅಂದರೆ ಕಣ್ಣಿಗೆ ಕಂಡದ್ದನ್ನು ನೋಡುವುದು. ಸೋಫಾ ಸರಿಸುವುದು, ಕಾರ್ಪೆಟ್ ಎತ್ತುವುದು, ಗೋಡೆ ಕೊರೆಯುವುದು ಅವರ ಕೆಲಸದಲ್ಲಿ ಬರುವುದಿಲ್ಲ. ಮಾರುವವರು ಪೆಟ್ಟಿಗೆಗಳನ್ನು ಗೋಡೆಗೆ ಒತ್ತಿ ಪೇರಿಸಿದ್ದರೆ ಹಿಂದಿನ ಬಿರುಕು ಯಾರಿಗೂ ಕಾಣದು. ಆದರೆ ಕಣ್ಣೆದುರೇ ಇದ್ದ ಕಲೆಯನ್ನು ವರದಿಯಲ್ಲಿ ಬಿಟ್ಟಿದ್ದರೆ ಕೇಳುವ ಹಕ್ಕು ನಿಮಗಿದೆ. ಒಪ್ಪಂದ ತೆಗೆದು ಓದಿ. ತಪ್ಪಾದರೆ ಫೀಸಿನಷ್ಟು ಮಾತ್ರ ವಾಪಸ್ ಅಂತ ಎಷ್ಟೋ ಒಪ್ಪಂದಗಳಲ್ಲಿ ಇರುತ್ತದೆ, ರಿಪೇರಿಗೆ ಮೊದಲು ತಿಳಿಸಿ ನೋಡಲು ಅವಕಾಶ ಕೊಡಬೇಕು ಅಂತಲೂ ಇರಬಹುದು. ಫೋನ್ ಸಾಲದು, ಇಮೇಲ್ ಕಳಿಸಿ.

4. ಮಾರಿದವರಿಗೆ ಗೊತ್ತಿತ್ತಾ?

ಇಲ್ಲಿಯೇ ಎಲ್ಲ ನಿಂತಿರುವುದು. ನೀರು ಬಂತು ಅನ್ನುವುದು ಸಾಲದು, ಅವರಿಗೆ ಗೊತ್ತಿದ್ದೂ ಮುಚ್ಚಿಟ್ಟರು ಅಂತ ತೋರಿಸಬೇಕು. ಇಲಿನಾಯ್ ರಾಜ್ಯದಲ್ಲಿ ಮನೆಯಲ್ಲಿ ತಮಗೆ ಗೊತ್ತಿರುವ ದೋಷಗಳನ್ನು ತಿಳಿಸಲು ಮಾರುವವರು ತುಂಬುವ ಡಿಸ್‌ಕ್ಲೋಷರ್ ಫಾರ್ಮಿನಲ್ಲಿ ಬೇಸ್‌ಮೆಂಟಿನ ಸೋರಿಕೆ ಬಗ್ಗೆ ಪ್ರಶ್ನೆಯೇ ಇದೆ. ಆ ಉತ್ತರ ನೋಡಿ. ಪಕ್ಕದ ಮನೆಯವರನ್ನು ವಿಚಾರಿಸಿ, ಎಷ್ಟೋ ಸಲ ಅವರಿಗೆ ಎಲ್ಲ ಗೊತ್ತಿರುತ್ತದೆ. ಸಂಪ್ ಮುಚ್ಚಳದ ಮೇಲೆ ವಾಟರ್‌ಪ್ರೂಫಿಂಗ್ ಕಂಪನಿಯ ಸ್ಟಿಕರ್ ಇದ್ದರೆ ಅಲ್ಲಿಗೆ ಫೋನ್ ಮಾಡಿ. ಹಿಂದೆ ಮಾರಾಟಕ್ಕಿಟ್ಟಾಗಿನ ಫೋಟೊಗಳನ್ನು ಇಂದಿನ ಗೋಡೆ ಜೊತೆ ಹೋಲಿಸಿ. ಊರಿನ ಆಡಳಿತದ ಕಚೇರಿಯಲ್ಲಿ ಹಳೇ ರಿಪೇರಿಗಳ ಪರ್ಮಿಟ್ ಕೇಳಿ.

ಈ ಡಿಸ್‌ಕ್ಲೋಷರ್ ಫಾರ್ಮಿನ ಕಾಯ್ದೆಯಡಿ ಕೇಸು ಹಾಕಲು ಇಲಿನಾಯ್‌ನಲ್ಲಿ ಒಂದೇ ವರ್ಷ ಗಡುವು. ಲೆಕ್ಕ ಶುರುವಾಗುವುದು ನೀರು ಕಂಡ ದಿನದಿಂದ ಅಲ್ಲ. ಮನೆ ಕೈಗೆ ಬಂದದ್ದು, ವಾಸಕ್ಕೆ ಬಂದದ್ದು, ಕ್ರಯಪತ್ರ ದಾಖಲಾದದ್ದು, ಇವುಗಳಲ್ಲಿ ಯಾವುದು ಮೊದಲೋ ಅಂದಿನಿಂದ. ವಕೀಲರನ್ನು ಬೇಗ ನೋಡಿ. ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ. ನ್ಯೂಯಾರ್ಕಿನಲ್ಲಿ ಮೊದಲು ಮಾರುವವರು ಕೊಳ್ಳುವವರಿಗೆ 500 ಡಾಲರ್ ಬಿಟ್ಟುಕೊಟ್ಟು ಫಾರ್ಮನ್ನೇ ತಪ್ಪಿಸಿಕೊಳ್ಳುತ್ತಿದ್ದರು, 2024ರ ಮಾರ್ಚ್‌ನಿಂದ ಆ ದಾರಿ ಮುಚ್ಚಿದೆ.

5. ಇನ್ಶೂರೆನ್ಸ್

ಮಾಮೂಲಿ ಮನೆ ಪಾಲಿಸಿ ನೆಲದಿಂದ ಒಸರುವ ನೀರಿಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಪ್ರವಾಹಕ್ಕೆ ಬೇರೆ ಪಾಲಿಸಿ, ಸಂಪ್ ಅಥವಾ ಡ್ರೇನ್ ಉಕ್ಕಿದರೆ ಅದಕ್ಕೆ ಬೇರೆ ಸೇರ್ಪಡೆ. ನಿಮ್ಮದರಲ್ಲಿ ಏನಿದೆ ಅಂತ ಓದಿ ಕ್ಲೇಮ್ ಮಾಡಿ.

ಇನ್ನೂ ಮನೆ ಕೊಂಡಿಲ್ಲ ಅಂದರೆ, ಜೋರು ಮಳೆಯ ಮರುದಿನ ಹೋಗಿ ಬೇಸ್‌ಮೆಂಟ್ ನೋಡಿ. ಗೋಡೆಯ ಕೆಳಭಾಗಕ್ಕೆ ಮಾತ್ರ ಹೊಸ ಬಣ್ಣ, ವಾಟರ್ ಹೀಟರ್ ಬುಡದಲ್ಲಿ ತುಕ್ಕು, ಖಾಲಿ ಮನೆಯಲ್ಲಿ ಒಂದೇ ಸಮ ಓಡುತ್ತಿರುವ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಕಂಡರೆ ಸಹಿ ಹಾಕುವ ಮೊದಲೇ ಕೇಳಿ. ಉತ್ತರವನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.